ರೆಫರಿ ಇಲ್ಲದ ಫೈನಲ್

ಅಲ್ ಸದ್ದ್, ದೋಹಾ
೯ ಜನವರಿ ೨೦೨೬, ಶುಕ್ರವಾರ

ಪ್ರೀತಿಯ ತೃಷಾ,

ಕಾಲು ಹೇಗುಂಟು? ಊತ ಇಳಿದಿದೆ ಅಂತ ಅಮ್ಮ ಹೇಳಿದರು. ಆದರೆ ಅಮ್ಮನ ಲೆಕ್ಕದಲ್ಲಿ ನೀನು ಎರಡು ಸಲ ಬಡಿಸಿಕೊಂಡು ಉಂಡರೆ ಎಲ್ಲ ವಾಸಿಯಾದ ಹಾಗೆ. ಮೆಟ್ಟಿಲು ಇಳಿಯುವಾಗ ಪಾದದ ಗಂಟು ಹಿಡಿದುಕೊಳ್ಳುತ್ತದಾ ಇಲ್ಲವಾ, ಅದನ್ನು ನೀನೇ ತಿಳಿಸಬೇಕು. ನಾವಿಲ್ಲಿ ಆರಾಮ. ಈಗ ಎಸಿ ಬೇಡ, ಬೆಳಗ್ಗೆ ಸ್ವೆಟರೇ ಬೇಕು. ನಿನ್ನ ಭಾವನಿಗೆ ಇಂಡಸ್ಟ್ರಿಯಲ್ ಏರಿಯಾದ ಗೋಡೌನಿನಲ್ಲಿ ಸ್ಟಾಕ್ ಎಣಿಸುವ ಗಲಾಟೆ. ಮನೆಗೆ ಬಂದರೂ ಡಬ್ಬಿಗಳನ್ನು ಎಣಿಸುವವರ ಹಾಗೆ ಅಡುಗೆಮನೆ ನೋಡುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಮಾಡಿದ ಕೂಡಲೇ ಅಮ್ಮ ಸ್ಪೀಕರ್ ಹಾಕಿಸುತ್ತಾರಲ್ಲ ಮಾರಾಯ್ತಿ. ಮೇಲಿನ ಫ್ಲ್ಯಾಟಿನ ಬ್ರ್ಯಾಂಡನ್ ನಾಳೆ ಮಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಅಮ್ಮ ವಿಷಯ ಹೇಳಿದರು. ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಕೆಲಸದ ಆರ್ಡರ್ ಬಂದದ್ದು, ಅದೇ ವಾರ ಪುಣೆಯ ಹೊಸ ಮಹಿಳಾ ಬಾಸ್ಕೆಟ್‌ಬಾಲ್ ಲೀಗಿನವರು ನಿನ್ನನ್ನು ಆರಿಸಿದ್ದು, ನೀನು ಎರಡು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡದೆ ಇರುವುದು. "ನಿನ್ನ ಲೀಗಿನ ಕಥೆ ಏನಾಯ್ತೂಂತ ಅವಳಿಗೆ ಬರೆ, ಓದಿದ ಮೇಲಾದರೂ ಬುದ್ಧಿ ಬರ್ತದಾ ನೋಡುವ" ಅಂದರು. ಬುದ್ಧಿಯ ವಿಷಯ ನನಗೆ ಗೊತ್ತಿಲ್ಲ. ಏನಾಯಿತೋ ಅದನ್ನು ಬರೆಯುತ್ತೇನೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ನಿನಗೇನೂ ಸಿಗುವುದಿಲ್ಲ, ಅದರ ಪುಟವನ್ನೇ ತೆಗೆದುಹಾಕಿದ್ದಾರೆ.

ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ ಇಲ್ಲಿ ಎಲ್ಲರಿಗೂ ಆಟದ ಹುಚ್ಚು. ಜಿಮ್ ಸಾಮಾನು ತರಿಸಿ ಮಾರುವ ಒಂದು ಕಂಪನಿ ಆಗ ದೋಹಾ ಲೇಡೀಸ್ ಲೀಗ್ ಅಂತ ಬಾಸ್ಕೆಟ್‌ಬಾಲ್ ಪಂದ್ಯಗಳನ್ನು ಶುರು ಮಾಡಿತು. ನಾಲ್ಕು ತಂಡ. ನಮ್ಮದು ಡ್ಯೂನ್ಸ್. ಸಂಬಳ ದೊಡ್ಡದಲ್ಲ, ಆದರೆ ಸಂಬಳವೇ. ಆಡಿದ್ದಕ್ಕೆ ದುಡ್ಡು ಕೊಡುತ್ತಾರೆ ಅಂತ ನಿನ್ನ ಭಾವನಿಗೆ ನಂಬಿಸಲು ನನಗೆ ಒಂದು ವಾರ ಬೇಕಾಯಿತು. ತಂಡದಲ್ಲಿ ಇಬ್ಬರು ಟೀಚರುಗಳು, ಒಬ್ಬಳು ಬ್ಯಾಂಕಿನವಳು, ಉಳಿದವರೆಲ್ಲ ನರ್ಸುಗಳು. ಕಿನ್ನಿಗೋಳಿಯ ಎಡ್ನಾ ನಮ್ಮ ಸೆಂಟರ್. ಆಸ್ಪತ್ರೆಯ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಓಡಿ ಬಂದು, ಕಾರಿನಲ್ಲಿ ಜೆರ್ಸಿ ಹಾಕಿಕೊಂಡು ಇಳಿಯುತ್ತಿದ್ದಳು. ನನ್ನ ಹತ್ತಿರ ತುಳು, ಉಳಿದವರ ಹತ್ತಿರ ಇಂಗ್ಲಿಷು, ಚೆಂಡು ಕೈತಪ್ಪಿದರೆ ಮಾತ್ರ ಕೊಂಕಣಿ. ನಾನು ಅಲ್ ಸದ್ದಿನ ಡೆಂಟಲ್ ಕ್ಲಿನಿಕ್ಕಿನಲ್ಲಿ ಸಂಜೆಯ ಶಿಫ್ಟ್ ಬಿಟ್ಟು ಅರ್ಧ ದಿನಕ್ಕೆ ಇಳಿದೆ. ಅಮ್ಮನಿಗೆ ಆಗ ತಿಳಿಸಿರಲಿಲ್ಲ, ಈಗ ಗೊತ್ತುಂಟು.

ಮೊದಲ ವರ್ಷ ಹಾಲ್ ತುಂಬುತ್ತಿತ್ತು. ಕುಟುಂಬಗಳು, ನರ್ಸುಗಳ ಹಾಸ್ಟೆಲಿನವರು, ಡ್ರಮ್ಮು ಹಿಡಿದುಕೊಂಡು ಬರುವ ಫಿಲಿಪೀನಿಗಳು. ಸೂಪರ್‌ಮಾರ್ಕೆಟ್ಟಿನಲ್ಲಿ ಒಬ್ಬರು ನನ್ನನ್ನು ಗುರುತಿಸಿ ಮಗಳ ಜೊತೆ ಫೋಟೋ ತೆಗೆಸಿಕೊಂಡರು. ನನ್ನ ಕೈಯಲ್ಲಿ ಬಸಳೆ ಕಟ್ಟು ಇತ್ತು. ಎರಡನೇ ವರ್ಷ ಒಂದು ತಂಡಕ್ಕೆ ಪ್ರಾಯೋಜಕರು ಸಿಗದೆ ಮೂರು ಉಳಿದವು. ಮೂರೇ ತಂಡಗಳು ಮತ್ತೆ ಮತ್ತೆ ಆಡಿದರೆ ನೋಡುವವರಿಗೇನು, ಆಡುವವರಿಗೇ ಬೇಸರ. ಜನ ಕಡಿಮೆಯಾದರು. ಕಂಪನಿಗೆ ಹೊಸ ಮ್ಯಾನೇಜರ್ ಬಂದ. ಒಳ್ಳೆಯ ಮನುಷ್ಯನೇ, ನಗುತ್ತಾ ಮಾತಾಡುವವ, ಆದರೆ ಪ್ರತಿ ಮೀಟಿಂಗಿನಲ್ಲೂ ಪ್ಯಾಡೆಲ್ ವಿಷಯ ಎತ್ತುತ್ತಿದ್ದ. ಗಾಜಿನ ಗೋಡೆಗಳ ನಡುವೆ ಆಡುವ ಟೆನಿಸಿನಂಥ ಆಟ ಅದು, ಇಲ್ಲಿ ಈಗ ಎಲ್ಲರಿಗೂ ಅದೇ.

ಹೋದ ವರ್ಷ ಮೂರನೇ ಸೀಸನ್. ಫೈನಲಿಗೆ ನಾವು ಮತ್ತು ಪರ್ಲ್ಸ್ ತಂಡ. ಶುಕ್ರವಾರ ಮಧ್ಯಾಹ್ನ ಕಿಟ್ ಹೊತ್ತುಕೊಂಡು ಹೋದರೆ ಹಾಲಿನ ಬಾಗಿಲಿಗೆ ಬೀಗ. ಒಳಗೆ ಬುಟ್ಟಿಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದು, ಪ್ಯಾಡೆಲ್ಲಿನ ಗಾಜಿನ ಹಲಗೆಗಳನ್ನು ತಂದು ಇಳಿಸಿದ್ದು ಕಿಟಕಿಯಿಂದ ಕಾಣುತ್ತಿತ್ತು. ವಾಚ್‌ಮನ್ ಕೈಯಾಡಿಸಿ, "ಬಾಸ್ಕೆಟ್ ಮಾಫಿ. ಖಲಾಸ್" ಅಂದ, ಬಾಸ್ಕೆಟ್ ಇಲ್ಲ, ಮುಗಿಯಿತು ಅಂತ. ಲೀಗ್ ಮುಚ್ಚಿದೆ ಎಂಬ ಮೆಸೇಜು ಗ್ರೂಪಿಗೆ ಬಂದದ್ದು ಅದಾದ ಮೇಲೆ. ಯಾರೂ ಅಳಲಿಲ್ಲ. ಪರ್ಲ್ಸ್‌ನ ಫಿಲಿಪೀನಿ ಕ್ಯಾಪ್ಟನ್, "ಐನ್ ಖಾಲಿದ್‌ನಲ್ಲಿ ನಮ್ಮ ಕಾಂಪೌಂಡಿನೊಳಗೆ ಒಂದು ಕೋರ್ಟ್ ಇದೆ, ಯಲ್ಲಾ, ಹೋಗೋಣ" ಅಂದಳು. ಎಲ್ಲರೂ ಕಾರು ಹತ್ತಿದೆವು.

ಸಿಮೆಂಟಿನ ನೆಲ, ಬಲೆ ಇಲ್ಲದ ಬುಟ್ಟಿ. ಸೈಕಲ್ ಬಿಡುತ್ತಿದ್ದ ಮಕ್ಕಳನ್ನು ಪುಸಲಾಯಿಸಿ ಬದಿಗೆ ಕೂರಿಸಿದೆವು. ಗಡಿಯಾರ ಇಲ್ಲ, ರೆಫರಿ ಇಲ್ಲ. ಮೊದಲು ನಲವತ್ತು ಮುಟ್ಟಿದವರು ಗೆದ್ದ ಹಾಗೆ ಅಂತ ಒಪ್ಪಿಕೊಂಡೆವು. ನಿಜ ಹೇಳಬೇಕೆಂದರೆ ಆ ಮೂರು ವರ್ಷಗಳಲ್ಲಿ ನಾವು ಅಷ್ಟು ಚೆನ್ನಾಗಿ ಆಡಿದ್ದು ಆವತ್ತೇ. ನಾವು ಮೂವತ್ತೊಂಬತ್ತು, ಅವರು ಮೂವತ್ತೆಂಟು. ಬುಟ್ಟಿಯ ಕೆಳಗೆ ಎಳೆದಾಟದಲ್ಲಿ ಚೆಂಡು ಗೆರೆ ದಾಟಿ ಹೋಯಿತು. ಯಾರ ಕೈಗೆ ತಾಗಿ ಹೋಯಿತು ಅಂತ ಯಾರಿಗೂ ಕಂಡಿಲ್ಲ. "ನಮ್ಮ ಬಾಲ್, ನಮ್ಮ ಬಾಲ್" ಅಂತ ನಾನು ಗಂಟಲು ಹರಿದುಕೊಂಡೆ. ಅವರ ಕ್ಯಾಪ್ಟನ್ ಜಗಳ ಬೇಡವೆಂದು ಚೆಂಡನ್ನು ಎತ್ತಿ ನಮಗೆ ಎಸೆದಳು. ಎಡ್ನಾ ಅದನ್ನು ಹಿಡಿದು, "ಇಲ್ಲ, ನನ್ನ ಬೆರಳಿಗೆ ತಾಗಿತು" ಅಂತ ವಾಪಸ್ ಕೊಟ್ಟಳು. ಅವರು ಆಡಿ ಎಸೆದದ್ದು ನೇರ ಬುಟ್ಟಿಯೊಳಗೆ ಬಿತ್ತು, ಎರಡು ಪಾಯಿಂಟ್. ಮುಗಿಯಿತು.

ವಾಪಸ್ ಬರುವಾಗ ಎಡ್ನಾ ನನ್ನ ಕಾರಿನಲ್ಲಿದ್ದಳು. ಕೊನೆಗೆ ತಡೆಯಲಾಗದೆ, "ಯಾರು ಕೇಳುತ್ತಿದ್ದರು ನಿನ್ನನ್ನು?" ಅಂದೆ. "ಯಾರೂ ಕೇಳುವುದಿಲ್ಲವಲ್ಲ, ಅದಕ್ಕೇ ಹೇಳಿದ್ದು" ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಅಳಲು ಶುರು ಮಾಡಿದಳು. ಸೋತದ್ದಕ್ಕೋ ಲೀಗ್ ಹೋದದ್ದಕ್ಕೋ ನಾನು ಕೇಳಲಿಲ್ಲ. ದಾರಿಯಲ್ಲಿ ನಿಲ್ಲಿಸಿ ಕರಕ್ ಚಹಾ ಕುಡಿಸಿದೆ, ಅಷ್ಟೇ.

ಎಡ್ನಾ ಈಗ ಐರ್ಲೆಂಡಿನಲ್ಲಿದ್ದಾಳೆ. ಮೂರನೇ ಸೀಸನ್ನಿಗೆಂದು ನಾನು ಆ ಅರ್ಧ ದಿನದ ಕೆಲಸವನ್ನೂ ಬಿಟ್ಟಿದ್ದೆ, ಕ್ಲಿನಿಕ್ಕಿನವರು ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು. ಕೆಲವು ತಿಂಗಳು ಮನೆಯಲ್ಲಿದ್ದು ಆಮೇಲೆ ಬೇರೆ ಕಡೆ ಸೇರಿದೆ. ಆ ತಿಂಗಳುಗಳು ಕಷ್ಟವಾಗಿದ್ದವು ಅಂತ ಅಮ್ಮ ಹೇಳುವುದು ಸುಳ್ಳಲ್ಲ. ಬೆಳಗ್ಗೆ ಎದ್ದರೆ ಎಲ್ಲಿಗೂ ಹೋಗಲಿಕ್ಕಿಲ್ಲ, ಮೈ ಮಾತ್ರ ಪ್ರಾಕ್ಟೀಸಿಗೆ ತಯಾರಾಗಿ ಕೂತಿರುತ್ತಿತ್ತು.

ಇಷ್ಟೇ ನಮ್ಮ ಲೀಗಿನ ಚರಿತ್ರೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಪತ್ರ ಓದಿ ಹೇಳಲು ಹೋಗಬೇಡ. ನಿನ್ನ ಮೊಣಕಾಲು ಪಾದಗಳನ್ನು ದೇವರು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಕ್ಕ,
ಯಶ್ಮಿತಾ

ತಾ.ಕ.: ಬ್ರ್ಯಾಂಡನ್ ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿರುವ ನಮ್ಮ ದೊಡ್ಡಮ್ಮನ ಮಗ ರಾಕೇಶಣ್ಣನಿಗೆ ನಿನ್ನೆ ಫೋನ್ ಮಾಡಿದ್ದೆ. ಕೆಲಸಕ್ಕೆ ಸೇರುವ ದಿನವನ್ನು ಮೂರು ತಿಂಗಳು ಮುಂದೂಡಲು ಅರ್ಜಿ ಕೊಡಬಹುದಂತೆ, ಆದರೆ ಬರುವ ವಾರವೇ ಕೊಡಬೇಕಂತೆ. ಸೋಮವಾರವೇ ಕೊಡು. ಅವರು ಒಪ್ಪಿದರೆ ಪುಣೆಗೆ ಹೋಗಿ ಆಡು. ಮೂರು ತಿಂಗಳು ಸಾಕು, ಇಂಥ ಲೀಗುಗಳು ಅದಕ್ಕಿಂತ ಹೆಚ್ಚು ಬಾಳುವುದೂ ಕಷ್ಟ. ಅಮ್ಮನಿಗೆ ನಾನೇ ಹೇಳುತ್ತೇನೆ.