ಒಳಗೆ ಕರೆಯುವ ದಿನ

5 ಫೆಬ್ರವರಿ 1928, ಭಾನುವಾರ. ಬೆಳಿಗ್ಗೆ 9

ಸಭೆಯ ಎರಡನೆಯ ಗಂಟೆ ಹೊಡೆಯಿತು. ಸಾರಮ್ಮ ಗೀತೆಯ ಪುಸ್ತಕ ಹಿಡಿದು ಹೊರಟಳು. ಹೊರಡುವ ಮುಂಚೆ ಎಂದಿನಂತೆ, ಸಭೆಗೆ ಹಾಕಿಕೊಳ್ಳುತ್ತಿದ್ದ ನನ್ನ ಬಿಳಿ ಕೋಟನ್ನು ಮೊಳೆಯಿಂದ ತೆಗೆದು ಕುರ್ಚಿಗೆ ಹಾಕಿದಳು. ಎಂದಿನಂತೆ ನಾನು ಅದನ್ನು ಮತ್ತೆ ಮೊಳೆಗೆ ಸಿಕ್ಕಿಸಿದೆ. ಗಂಡಹೆಂಡತಿ ಮಾತಿಲ್ಲದೆ ಈ ಕೆಲಸ ಮಾಡುತ್ತ ಒಂದೂವರೆ ವರ್ಷವಾಯಿತು.

ಹದಿನಾಲ್ಕು ವರ್ಷ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದವನಿಗೆ ಭಾನುವಾರ ಏನು ಮಾಡುವುದೆಂದು ತಿಳಿಯುವುದಿಲ್ಲ. ಡೈರಿಯೂ ಹಾಗೆಯೇ. ಉಪದೇಶಿಗಳು ದಿನಾ ಡೈರಿ ಬರೆಯಬೇಕು — ಯಾರ ಮನೆಗೆ ಹೋದೆ, ಯಾರೊಡನೆ ವಾದ ಮಾಡಿದೆ, ಯಾರ ಮನಸ್ಸು ಕರಗಿತು. ತಿಂಗಳ ಕೊನೆಯ ಶನಿವಾರ ಪಾದ್ರಿ ಅಯ್ಯನವರಿಗೆ ಒಪ್ಪಿಸಬೇಕು. ಕೆಂಪು ಮಸಿಯ ಗೆರೆ ಬಿದ್ದು ವಾಪಸು ಬರುತ್ತಿತ್ತು. ಈಗ ಕೇಳುವವರಿಲ್ಲ. ಬಂದರಿನಲ್ಲಿ ಈ ನೋಟುಬುಕ್ಕು ಕೊಂಡೆ, ಯಾರೂ ಓದಲಿಕ್ಕಿಲ್ಲ. ಆದರೂ ಅಕ್ಷರ ದುಂಡಗೆ ಬರೆಯುತ್ತಿದ್ದೇನೆ. ಪುಟ ಮುಗಿದಾಗ 'ಕರ್ತನಿಗೆ ಸ್ತೋತ್ರ' ಬರೆಯಲು ಕೈ ತಾನಾಗಿ ಹೋಗುತ್ತದೆ. ಗಾಣದಿಂದ ಬಿಚ್ಚಿದರೂ ಎತ್ತು ಸುತ್ತುವುದನ್ನು ಬಿಡದು.

7 ಫೆಬ್ರವರಿ, ಮಂಗಳವಾರ

ಬಂದರಿನ ಗುದಾಮು. ಅಬೂಬಕ್ಕರ್ ಸಾಹೇಬರಿಗೆ ಕಾಗದ ಬರೆದುಕೊಡುವ ಕೆಲಸ. ಶುಂಠಿ ಹೊರಟಿತು, ಗೋಣಿ ಒದ್ದೆಯಾಯಿತು, ಹಡಗು ತಡ... ಯಾರ ಆತ್ಮದ ಚಿಂತೆಯೂ ಇಲ್ಲ. ಹಾಯಾಗಿರಬೇಕಿತ್ತು. ಇಲ್ಲ.

ಮಧ್ಯಾಹ್ನ ಸಾಹೇಬರು ನಮಾಜಿಗೆ ಹೋಗುತ್ತಾರೆ, ಬಾಗಿಲು ನಾನು ಕಾಯುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಮಾಡಿ ಎದ್ದವರ ಹಾಗೆ ಹಗುರಾಗಿ ಬರುತ್ತಾರೆ. ನನಗೆ ಹೊಟ್ಟೆಕಿಚ್ಚು. ಇವತ್ತು ಕೇಳಿದರು — ಅದನ್ನು ಬಿಟ್ಟಿರಿ, ಸರಿ, ಈಗ ಯಾವುದರಲ್ಲಿ ಇದ್ದೀರಿ ಎಂದು. ಯಾವುದರಲ್ಲೂ ಇಲ್ಲ ಅಂದೆ.

"ಹಾಗೆ ಇರ್ಲಿಕ್ಕೆ ಆಗ್ತದಾ ಮಾರಾಯ್ರೆ?"

ತಮಾಷೆಗೆ ಕೇಳಿದ್ದಲ್ಲ. ನಿಜಕ್ಕೂ ತಿಳಿಯುವ ಆಸೆ. ಗೊತ್ತಿದ್ದರೆ ನಾನೂ ಹೇಳುತ್ತಿದ್ದೆ.

ರಾತ್ರಿ ಊಟಕ್ಕೆ ಕೂತರೆ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ. ತೊಡೆಯ ಕೆಳಗೆ ಇಟ್ಟುಕೊಂಡೆ. ಸಾರಮ್ಮ ನೋಡಿದಳು. ದೇವರನ್ನು ಬಿಟ್ಟಿರಿ, ಊಟ ಬಿಡಲಿಲ್ಲ, ಅಷ್ಟಾದರೂ ಉಂಟಲ್ಲ ಎಂದಳು.

12 ಫೆಬ್ರವರಿ, ಭಾನುವಾರ

ಸಭೆ ಬಿಟ್ಟ ಮೇಲೆ ಎಸ್ತೆರಮ್ಮ ಬಂದಿದ್ದಳು. ಹೆಣ್ಣುಮಕ್ಕಳ ಬೋರ್ಡಿಂಗಿನ ಅಡುಗೆಯವಳು, ಅಲ್ಲೇ ವಾಸ. ಹದಿನೈದು ವರ್ಷದ ಹಿಂದೆ ಉಳ್ಳಾಲದ ಕಿನ್ನಿ. ಹಂಚಿನ ಕಾರ್ಖಾನೆಗೆ ಹಂಚು ಹೊರಲು ಬರುತ್ತಿದ್ದ ಎಳೆ ವಿಧವೆ. ನಾನು ಸಭೆಗೆ ತಂದ ಮೊದಲ ಜೀವ. ಎಸ್ತೆರ್ ಎಂಬ ಹೆಸರು ಆರಿಸಿದ್ದೂ ನಾನೇ. ನಾನು ಅಯ್ಯನವರೊಡನೆ ಮುನಿಸಿಕೊಂಡು ಕೂತಿದ್ದೇನೆ, ಇವತ್ತಲ್ಲ ನಾಳೆ ಸರಿಹೋಗುತ್ತೇನೆ ಎಂದು ಅವಳ ನಂಬಿಕೆ. ಇನ್ನೂ ಉಪದೇಶಿಯವರೇ ಎಂದೇ ಕರೆಯುತ್ತಾಳೆ.

ಅವಳ ಅಣ್ಣ ಲೋಕಯ್ಯ ಬೋರ್ಡಿಂಗಿಗೆ ಬಂದಿದ್ದನಂತೆ. ತಾಯಿ ದೇಯಿ ಹಾಸಿಗೆ ಹಿಡಿದಿದ್ದಾಳೆ. ನೋಡಿ ಬರುತ್ತೇನೆ ಅಂದಳು. ಕಾಯಿಲೆಯವರನ್ನು ನೋಡಲು ಸಭೆಯ ಅಡ್ಡಿಯಿಲ್ಲ, ಹೋಗಿ ಬನ್ನಿ ಅಂದೆ. ಅವಳು ಹೋದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಗುಡ್ಡೆ ಇಳಿದು ಬಂದರಿನವರೆಗೆ ನಡೆದೆ, ಮತ್ತೆ ಹತ್ತಿದೆ. ತಾಯಿ ಸತ್ತರೆ ಮುಂದಿನ ಪ್ರಶ್ನೆ ನನ್ನ ಬಾಗಿಲಿಗೇ ಬರುತ್ತದೆ.

13 ಫೆಬ್ರವರಿ

ಪೆಟ್ಟಿಗೆಯಿಂದ ಹಳೆಯ ಡೈರಿ ತೆಗೆದೆ. 18 ಸೆಪ್ಟೆಂಬರ್ 1915. ಕಿನ್ನಿಯ ತಂದೆಯ ಬೊಜ್ಜದ ದಿನ. ನನ್ನದೇ ದುಂಡಕ್ಷರ — "ಸಹೋದರಿ ಎಸ್ತೆರಳಿಗೆ ತಂದೆಯ ಉತ್ತರಕ್ರಿಯೆಗೆ ಬರುವಂತೆ ಮನೆಯವರಿಂದ ಬಲವಾದ ಶೋಧನೆ ಉಂಟಾಯಿತು. ವಾಕ್ಯದಿಂದ ಬಲಪಡಿಸಿದೆನು. ಸ್ಥಿರವಾಗಿ ನಿಂತಳು. ಕರ್ತನಿಗೆ ಸ್ತೋತ್ರ." ಪಕ್ಕದಲ್ಲಿ ಕೆಂಪು ಮಸಿ: ಒಳ್ಳೆಯದು.

ನಡೆದದ್ದು ಬೇರೆ. ಈಗ ಬರೆಯುತ್ತೇನೆ. ಲೋಕಯ್ಯ ಬೋರ್ಡಿಂಗಿನ ಗೇಟಿನ ಹೊರಗೆ. ಅವಳು ಒಳ್ಳೆಯ ಸೀರೆ ಉಟ್ಟು ಹೊರಟೇ ಬಂದಿದ್ದಳು. ನಾನು ಗೇಟಿನ ಅಗುಳಿ ಹಿಡಿದು ನಿಂತೆ. ಸತ್ತವರಿಗಿಟ್ಟ ಅನ್ನ ಮುಟ್ಟಿದವರಿಗೆ ಕರ್ತನ ಮೇಜಿನಲ್ಲಿ ಜಾಗವಿಲ್ಲ ಅಂದೆ. ಅವಳು ವಾದ ಮಾಡಲಿಲ್ಲ. ನನ್ನ ಕೈಯ ಪಕ್ಕದಲ್ಲೇ ಕಂಬಿ ಹಿಡಿದು ಅತ್ತಳು. ಉಳ್ಳಾಲದ ದೋಣಿಯ ಹೊತ್ತು ಮೀರುವವರೆಗೆ ಕಾದು ಲೋಕಯ್ಯ ಹೋದ. ಅವಳು ಸ್ಥಿರವಾಗಿ ನಿಂತದ್ದಲ್ಲ, ನಾನು ಬಿಡಲಿಲ್ಲ. ನನಗಾಗ ಇಪ್ಪತ್ತಾರು. ಆ ದಿನ ಚೆನ್ನಾಗಿ ನಿದ್ದೆ ಬಂತು — ಅದೇ ಈಗ ಚುಚ್ಚುವುದು.

ಮೊನ್ನೆ 1926ರ ಮಳೆಗಾಲದಲ್ಲಿ, ಯಾವುದೋ ರಿಪೋರ್ಟಿಗೆಂದು ಹಳೆಯ ಡೈರಿ ತಿರುವುವಾಗ ಇದೇ ಪುಟ ಸಿಕ್ಕಿತ್ತು. ಮರುಭಾನುವಾರ ಪ್ರಸಂಗಕ್ಕೆ ಎದ್ದೆ. ನಂಬದವರಿಗೆ ಬೆಂಕಿ ಎಂಬಲ್ಲಿಗೆ ಬಂದು ನಾಲಿಗೆ ಏಳಲಿಲ್ಲ. ಆ ವಾರ ಕೆಲಸ ಬಿಟ್ಟೆ. ಮೊದಲು ಬಿಟ್ಟದ್ದು ನರಕವೊಂದನ್ನೇ. ಉಳಿದದ್ದೆಲ್ಲ ಉಳಿಯುತ್ತದೆ ಅಂದುಕೊಂಡಿದ್ದೆ. ಆದರೆ ನರಕವಿಲ್ಲದಿದ್ದರೆ ರಕ್ಷಣೆ ಯಾವುದರಿಂದ? ರಕ್ಷಣೆ ಬೇಡವಾದರೆ ಶಿಲುಬೆ ಯಾಕೆ? ಹದಿನಾಲ್ಕು ವರ್ಷ ಮಕ್ಕಳಿಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದೆ. ಈಗ ಪ್ರಶ್ನೆಗಳು ಮಾತ್ರ ಉಳಿದಿವೆ.

26 ಫೆಬ್ರವರಿ, ಭಾನುವಾರ

ಎಸ್ತೆರಮ್ಮ ಉಳ್ಳಾಲಕ್ಕೆ ಎರಡು ಸಲ ಹೋಗಿ ಬಂದಳು. ತಾಯಿ ಅವಳಿಂದ ಭಾಷೆ ಕೇಳಿದ್ದಾಳಂತೆ — ನನ್ನನ್ನು ಒಳಗೆ ಕರೆಯುವ ದಿನ ನೀನು ಇರಬೇಕು.

ಬೊಜ್ಜದ ಸಂಜೆ ಮಗ ಅಂಗಳದಲ್ಲಿ ದೀಪ ಹಿಡಿದು ಸತ್ತವರನ್ನು ಮನೆಯೊಳಗೆ ಕರೆಯುತ್ತಾನೆ. ಒಳಗೆ ಎಲೆ ಹಾಕಿ ಬಡಿಸಿಟ್ಟಿರುತ್ತಾರೆ. ಆ ಮೇಲೆ ಸತ್ತವರು ಮನೆಯವರ ಜೊತೆಯೇ ಇರುತ್ತಾರೆಂದು ನಂಬಿಕೆ. ಇದು ಸೈತಾನನ ಕಣ್ಕಟ್ಟು ಎಂದು ನೂರು ಸಲ ಪ್ರಸಂಗ ಮಾಡಿದ್ದೇನೆ.

"ಹೋಗಬಹುದಾ, ಹೋಗಬಾರದಾ? ನೀವು ಹೇಳಿ" ಎಂದಳು.

ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ ಅಂದೆ. ಅವಳ ಮುಖ ಗಂಟಾಯಿತು.

"ಅಪ್ಪ ಸತ್ತಾಗ ನನ್ನ ಮನಸ್ಸು ಕೇಳ್ಲಿಲ್ಲ ನೀವು. ಈಗ ಎಂತಕ್ಕೆ ಕೇಳುವುದು?"

ಕಾಫಿ ಮುಟ್ಟದೆ ಹೋದಳು.

11 ಮಾರ್ಚ್, ಭಾನುವಾರ

ಎರಡು ವಾರ ಬರಲಿಲ್ಲ ಅವಳು. ಬಾರದಿರಲಿ ಅಂತಲೂ ಅನಿಸಿತು. ಹೇಡಿ ನಾನು.

ನಿನ್ನೆ ಅಯ್ಯನವರಲ್ಲಿಗೆ ಹೋಗಿದ್ದೆ. ಹಳಬರು ಹೋದ ಮೇಲೆ ಬಂದ ಪಾದ್ರಿ, ನನ್ನದೇ ಪ್ರಾಯ, ಕೆಟ್ಟ ಮನುಷ್ಯನಲ್ಲ. ಕುರ್ಚಿ ಕೊಟ್ಟರು. ತಾಯಿಯ ಆಸೆಯೆಂದು ಒಂದು ಸಲ ಬಿಡಬಹುದೇ ಎಂದು ಕೇಳಿದೆ. ನಿಯಮ ಇರುವುದೇ ಅಳು ಬರುವ ಹೊತ್ತಿಗೆ, ಇಲ್ಲದಿದ್ದರೆ ಯಾಕೆ ಬೇಕು ಎಂದರು. ಹೋದರೆ ಶುಭ ಶುಕ್ರವಾರ ಸಭೆಯವರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಅವಳ ಹೆಸರಿಲ್ಲ. ಭೋಜನಕ್ಕಿಲ್ಲದವಳು ಬೋರ್ಡಿಂಗಿನ ಮಕ್ಕಳಿಗೆ ಅನ್ನ ಬೇಯಿಸುವ ಹಾಗಿಲ್ಲ. ನಾನೂ ಹಿಂದೆ ಹೀಗೆಯೇ, ಇದೇ ಶಾಂತ ದನಿಯಲ್ಲಿ ಹೇಳುತ್ತಿದ್ದೆ. ಅದಕ್ಕೇ ಸಿಟ್ಟು ಮಾಡಲೂ ಆಗಲಿಲ್ಲ.

ಹೋಗಿ ಎಂದರೆ ಅವಳ ಸೂರು ಹೋಗುತ್ತದೆ. ಬೇಡ ಎಂದರೆ ಮತ್ತೊಮ್ಮೆ ಅಗುಳಿ ಹಿಡಿದ ಹಾಗೆ.

ಸಾರಮ್ಮ ಒಲೆಯ ಮುಂದೆ ಗೀತೆ ಗುನುಗುತ್ತಿದ್ದಳು. ಕ್ವಾಯರಿನಲ್ಲಿ ನಾನು ಬೇಸ್, ಎಲ್ಲರಿಗಿಂತ ಕೆಳಗಿನ ದನಿ. ಎಲ್ಲ ಗೀತೆಗಳೂ ನನಗೆ ಬೇಸ್ ದನಿಯಲ್ಲೇ ಗೊತ್ತು. ಒಬ್ಬನೇ ಹಾಡಿದರೆ ಎಮ್ಮೆ ನರಳಿದ ಹಾಗಿರುತ್ತದೆ. ಅವಳು ಹಾಡುವಾಗ ಗಂಟಲು ತಾನಾಗಿ ಸೇರಿಕೊಂಡಿತು. ಒಂದು ಚರಣ ಪೂರ್ತಿ.

21 ಮಾರ್ಚ್, ಬುಧವಾರ

ಲೋಕಯ್ಯ ಗುದಾಮಿಗೇ ಬಂದ. ದೇಯಿ ನಿನ್ನೆ ಹೋದಳು. ಬೊಜ್ಜ ಏಪ್ರಿಲ್ ಒಂದಕ್ಕೆ, ಭಾನುವಾರ. ತಂಗಿಯನ್ನು ಕರೆಯಲು ಬಂದವನಲ್ಲ, ನನ್ನ ಮುಖ ನೋಡಲು ಬಂದವನು. ಹದಿಮೂರು ವರ್ಷದ ಹಿಂದಿನ ದೋಣಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

30 ಮಾರ್ಚ್, ಶುಕ್ರವಾರ. ಸಂಜೆ

ಎಸ್ತೆರಮ್ಮ ಬಂದಳು. ಕಣ್ಣು ಬಾತಿದೆ. ಇವತ್ತು ಹೇಳಿಯೇಬಿಟ್ಟೆ — ಆ ದಿನ ಗೇಟು ಹಾಕಿದ್ದು ತಪ್ಪು. ನನ್ನ ತಪ್ಪು. ಕೆಲಸ ಬಿಟ್ಟದ್ದು ಮುನಿಸಿನಿಂದಲ್ಲ, ಹೇಳುತ್ತಿದ್ದದ್ದನ್ನು ನಂಬಲಾಗದೆ ಬಿಟ್ಟದ್ದು. ಕ್ಷಮಿಸಿ ಅಂದೆ. ಹೇಳಿದರೆ ಎದೆ ಹಗುರಾಗುತ್ತದೆಂದು ಎಷ್ಟು ದಿನದಿಂದ ಕಾದಿದ್ದೆ...

ಅವಳು ಸೆರಗಿನ ತುದಿ ಮಡಚಿ ಬಿಟ್ಟಳು.

"ಅದೊಂದು ತಪ್ಪಾ, ಎಲ್ಲವೂ ತಪ್ಪಾ? ನನ್ನ ದೀಕ್ಷಾಸ್ನಾನ ತಪ್ಪಾ? ಈ ಹೆಸರು ತಪ್ಪಾ? ಹದಿನೈದು ವರ್ಷ ನಾನು ಮೊಣಕಾಲೂರಿದ್ದು ಯಾರ ಮುಂದೆ?"

ನಾನು ಎದ್ದು ದೀಪದ ಬತ್ತಿ ಏರಿಸಿದೆ. ಅವಳು ಬಿಡಲಿಲ್ಲ.

"ನೀವು ಬಿಟ್ಟಿರಿ. ನಿಮಗೆ ಗುದಾಮು ಉಂಟು, ಸಾರಮ್ಮಕ್ಕ ಉಂಟು. ನಾನು ಬಿಟ್ಟಿಲ್ಲ ಉಪದೇಶಿಯವರೇ. ನನಗೆ ಯೇಸುವೂ ಬೇಕು, ಅಮ್ಮನೂ ಬೇಕು. ಹಾಗೆ ಉಂಟಾ ಇಲ್ವಾ, ಅಷ್ಟು ಹೇಳಿ ಸಾಕು."

ಇಷ್ಟು ದಿನ ನನ್ನ ಸಂಶಯವನ್ನು ದೊಡ್ಡ ಶಾಸ್ತ್ರವೆಂದು ಹೊತ್ತು ತಿರುಗಿದೆ. ಅಡುಗೆಯವಳು ಒಂದೇ ಮಾತಿನಲ್ಲಿ ನನ್ನನ್ನು ದಾಟಿ ಹೋದಳು. ಭಾನುವಾರ ನಾನೂ ಜೊತೆಗೆ ಬರುತ್ತೇನೆ ಅಂದೆ. ಅದು ಉತ್ತರವಲ್ಲ, ಗೊತ್ತು.

2 ಏಪ್ರಿಲ್, ಸೋಮವಾರ. ಬೆಳಿಗ್ಗೆ

ನಿನ್ನೆಯದು. ಗರಿಗಳ ಭಾನುವಾರವೆಂದು ಇಲ್ಲಿ ಸಭೆಗೆ ಮಕ್ಕಳು ತೆಂಗಿನ ಗರಿ ಹಿಡಿದು ಹೋಗುವ ಹೊತ್ತಿಗೆ ನಾವು ದೋಣಿಯಲ್ಲಿದ್ದೆವು. ಅವಳು ದಾರಿಯುದ್ದಕ್ಕೂ ಒಳಗೊಳಗೇ ಪ್ರಾರ್ಥಿಸುತ್ತಿದ್ದಳು, ತುಟಿ ಕಾಣುತ್ತಿತ್ತು.

ಅವಳ ಮನೆಯಲ್ಲಿ ಇನ್ನೊಂದು ನಿಯಮ. ಜಾತಿಯ ಹಿರಿಯ, ಗುರಿಕಾರ ಬೂಬ ಪೂಜಾರಿ ಮೊದಲೇ ಹೇಳಿದ್ದ — ಮಗಳು ಬರಲಿ, ಊಟ ಮಾಡಲಿ, ಆದರೆ ಅಂಗಳದಲ್ಲಿ. ಜಾತಿ ಬಿಟ್ಟವಳು ಹೊಸ್ತಿಲು ದಾಟುವ ಹಾಗಿಲ್ಲ. ಚಪ್ಪರದ ಮೂಲೆಯಲ್ಲಿ ನಮಗಿಬ್ಬರಿಗೆ ಎಲೆ ಹಾಕಿದರು. ಅವಳು ಕಣ್ಣು ಮುಚ್ಚಿ ಸ್ತುತಿ ಹೇಳಿ ಉಂಡಳು. ಸತ್ತವರ ಅನ್ನ ನಾನೂ ಉಂಡೆ. ಉಪ್ಪು ಸ್ವಲ್ಪ ಕಮ್ಮಿ, ಬೇರೇನೂ ಆಗಲಿಲ್ಲ.

ಮುಚ್ಚಂಜೆಗೆ ಲೋಕಯ್ಯ ದೀಪ ಹಿಡಿದು ಅಂಗಳಕ್ಕಿಳಿದ. ಕತ್ತಲೆಗೆ ಮುಖ ಮಾಡಿ ತುಳುವಿನಲ್ಲಿ ಕರೆದ. "ಅಪ್ಪೇ, ಉಲಾಯಿ ಬಲೆ." ತಾಯೇ, ಒಳಗೆ ಬನ್ನಿ. ಮೂರು ಸಲ. ಮೂರನೆಯ ಸಲ ದನಿ ಒಡೆಯಿತು. ಸತ್ತ ತಾಯಿಯನ್ನು ಒಳಗೆ ಕರೆಯುತ್ತಿದ್ದಾರೆ, ಬದುಕಿದ ಮಗಳು ಎಂಜಲೆಲೆಯ ಪಕ್ಕದಲ್ಲಿ ಕೂತಿದ್ದಾಳೆ. ನಮ್ಮ ಸಭೆ ತಾಯಿಯನ್ನು ಹೊರಗೆ ನಿಲ್ಲಿಸಿತು, ಇವರು ಮಗಳನ್ನು. ಎದ್ದು ಕೂಗಬೇಕು ಅನಿಸಿತು.

ಲೋಕಯ್ಯ ದೀಪದೊಂದಿಗೆ ಹೊಸ್ತಿಲವರೆಗೆ ಹೋದವನು ನಿಂತ. ತಿರುಗಿದ.

"ಕಿನ್ನೀ, ನೀನೂ ಬಾ."

ಬೂಬ ಪೂಜಾರಿ ಕೆಮ್ಮಿದ. ಲೋಕಯ್ಯ ಅಲ್ಲಾಡಲಿಲ್ಲ. ಅವಳು ಏಳಲಿಲ್ಲ, ನನ್ನನ್ನು ನೋಡಿದಳು. ಗೇಟಿನ ಕಂಬಿ ಹಿಡಿದಾಗಿನ ಅದೇ ಮುಖ. ಬೋರ್ಡಿಂಗು, ಸೂರು, ಶುಕ್ರವಾರದ ಮೇಜು — ಎಲ್ಲ ನನಗೆ ಗೊತ್ತಿತ್ತು.

"ಹೋಗಿ" ಅಂದೆ.

ಯಾವ ಹೆಸರಿನಿಂದ ಕರೆಯುವುದೆಂದು ತಿಳಿಯದೆ ಹೆಸರು ಹೇಳಲಿಲ್ಲ. ಅವಳು ಸೆರಗು ಹೊದ್ದು ಒಳಗೆ ಹೋದಳು. ಒಳಗೆ ಹೆಂಗಸರ ಅಳು ಒಮ್ಮೆಲೆ ಎದ್ದಿತು, ಅದರಲ್ಲಿ ಅವಳದು ಯಾವುದೆಂದು ಗುರುತು ಸಿಗಲಿಲ್ಲ. ಬಾಗಿಲು ಹಾಕಿದರು. ಅಂಗಳದಲ್ಲಿ ನಾನೊಬ್ಬ. ನನ್ನನ್ನೂ ಯಾರಾದರೂ ಕರೆಯಬಾರದೇ ಅನಿಸಿತು. ಮೂವತ್ತೊಂಬತ್ತರ ಗಂಡಸು, ಹಾಗೆ ಅನಿಸಿತು, ಬರೆದಿದ್ದೇನೆ.

4 ಏಪ್ರಿಲ್, ಬುಧವಾರ

ಸಭೆಯ ಹಿರಿಯರ ಮುಂದೆ ಎಸ್ತೆರಮ್ಮ ಎಲ್ಲವನ್ನೂ ಒಪ್ಪಿಕೊಂಡಳಂತೆ. ಪಶ್ಚಾತ್ತಾಪ ಉಂಟೇ ಎಂದು ಕೇಳಿದರಂತೆ, ಅಪ್ಪನ ಬೊಜ್ಜಕ್ಕೆ ಹೋಗದ್ದಕ್ಕೆ ಉಂಟು ಅಂದಳಂತೆ. ಹೆಸರು ತೆಗೆದರು. ಸಂಜೆ ಪೆಟ್ಟಿಗೆ ಹಿಡಿದು ನಮ್ಮ ಜಗಲಿಯಲ್ಲಿ ನಿಂತಿದ್ದಳು. ಇವಳನ್ನು ಇಲ್ಲೇ ಇರಿಸಿಕೊಳ್ಳೋಣವೆಂದು ಸಾರಮ್ಮನಿಗೆ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದೆ. ಸಭೆಯನ್ನು ಒಂದು ದಿನವೂ ತಪ್ಪಿಸದ ಸಾರಮ್ಮ ಆ ಪೆಟ್ಟಿಗೆ ಇಸಕೊಂಡು ಒಳಗಿಟ್ಟಳು. ಆಮೇಲೆ ನನಗೆ ಕೇಳುವ ಹಾಗೆ, ಮನೆಯಲ್ಲಿ ಪ್ರಾರ್ಥನೆ ಮಾಡುವವರು ಒಬ್ಬರಾದರೂ ಹೆಚ್ಚಾದರಲ್ಲ ಎಂದಳು.

6 ಏಪ್ರಿಲ್, ಶುಭ ಶುಕ್ರವಾರ. ಮಧ್ಯಾಹ್ನ

ಸಾರಮ್ಮ ಸಭೆಗೆ ಹೋಗಿದ್ದಾಳೆ. ಎಸ್ತೆರಮ್ಮನಿಗೆ ಹದಿನೈದು ವರ್ಷದಲ್ಲಿ ಮೊದಲ ಸಲ ಈ ದಿನ ಭೋಜನವಿಲ್ಲ. ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ನಾನು ನೀರಿಗೆಂದು ಮೂರು ಸಲ ಹೋಗಿ ಬಂದೆ. ನಾಲ್ಕನೆಯ ಸಲ ಕೇಳಿದಳು.

"ಅಮ್ಮ ಒಳಗೆ ಬಂದಿರ್ಬಹುದಾ ಉಪದೇಶಿಯವರೇ?"

ಗೊತ್ತಿಲ್ಲ ಅನ್ನಬಹುದಿತ್ತು. ಈಚೆಗೆ ನನ್ನಲ್ಲಿ ಉಳಿದಿರುವ ಪ್ರಾಮಾಣಿಕ ಮಾತು ಅದೊಂದೇ. "ಬಂದಿದ್ದಾರೆ" ಅಂದೆ. ಸುಳ್ಳು ಹೇಳಿದ ಹಾಗೆ ಅನಿಸಲಿಲ್ಲ. ಎಷ್ಟೋ ಕಾಲದ ಮೇಲೆ ಒಂದು ಮಾತನ್ನು ನಂಬಿ ಹೇಳಿದೆ. ಯಾವ ದೇವರನ್ನು ನಂಬಿ ಎಂದರೆ... ಮಕ್ಕಳು ಕರೆಯುವಾಗ ತಾಯಿಯನ್ನು ತಡೆಯದವನು. ಅಷ್ಟೇ ಗೊತ್ತು. ಸದ್ಯಕ್ಕೆ ಅಷ್ಟು.

ಅವಳು ತಲೆಯಾಡಿಸಿದಳು. ಸೊಪ್ಪು ಮುಗಿಯಿತು, ಕಡ್ಡಿ ಒಟ್ಟು ಮಾಡಿದಳು. ಏಳುತ್ತ, ನನ್ನನ್ನು ನೋಡದೆ —

"ಅಪ್ಪನನ್ನು ಕರೆದ ದಿನ ನಾನು ಇರ್ಲಿಲ್ಲ. ನಾನು ಬರ್ತೇನೆ ಅಂತ ಅವರು ಹೊರಗೇ ಕಾದಿದ್ರೆ?"

ನೇರ ಇಲ್ಲಿಗೆ, ಈ ನೋಟುಬುಕ್ಕಿನ ಮುಂದೆ ಬಂದು ಕೂತೆ. ಇದೇ ಕೈ ಅಗುಳಿ ಹಿಡಿದದ್ದು, ಇದೇ ಕೈ ಈಗ ಬರೆಯುತ್ತಿದೆ... ಎಂಥ ಮೂರ್ಖ ನಾನು. ಬರೆದರೆ ಅವಳಿಗೆ ಏನು ಬಂತು? ಅವಳು ಇಲ್ಲೇ ಒಲೆಯ ಮುಂದೆ ಇದ್ದಾಳೆ. ಬರೆಯುವುದು ಸಾಕು. ಎದ್ದು ಹೋಗಿ ಅವಳಿಗೇ —