ಉಗುರುಬೆಚ್ಚಗಿನ ರೇಡಿಯೇಟರ್

ಬಿತೊಮ್, ಜನವರಿ ೧೯, ಸೋಮವಾರ

ಅಜ್ಜಿ ಇವತ್ತೂ ತಾತನ ಗಣಿಯ ಕೋಟು ಹಾಕಿಕೊಂಡೇ ಸೂಪು ಕುಡಿದಳು. ಮನೆ ಬೆಚ್ಚಗಿಡುವ ಕಲ್ಲಿದ್ದಲಿನ ಹಳೆಯ ಬಾಯ್ಲರ್ ಕಿತ್ತು ಗ್ಯಾಸಿನದು ಹಾಕಿಸಿದ್ದು ನನ್ನ ಹಟಕ್ಕೆ. ಕೊಳವೆಯ ನೀರು ಉಗುರುಬೆಚ್ಚಗೆ ದಿನವಿಡೀ ಹರಿದರೇ ಗ್ಯಾಸಿನ ಬಿಲ್ಲು ಇಳಿಯುವುದು. ಇಳಿದೂ ಇದೆ. ಕೋಣೆಯಲ್ಲಿ ಇಪ್ಪತ್ತೊಂದು ಡಿಗ್ರಿ. ಆದರೆ ಅವಳು ನಂಬುವುದು ಅಂಗೈಯನ್ನು. ಆ ನೀರು ಹರಿಯುವ ಗೋಡೆಯ ರೇಡಿಯೇಟರ್ ಮುಟ್ಟಿದರೆ ಚುರ್ರೆನ್ನಬೇಕು.

"ಹೆಣದ ಕೈ ಮುಟ್ಟಿದ ಹಾಗಿದೆ ಕಣೋ ಕಾಯ್ಟೆಕ್. ಸ್ಕೂಲು ಅರ್ಧಕ್ಕೆ ಬಿಟ್ಟ ಹಾಗೆ ಇದನ್ನೂ ಅರ್ಧ ಕಾಯಿಸಿ ಬಿಟ್ಯಾ?"

ನಗು ಬಂತು, ಚುಚ್ಚಿತು ಕೂಡ.

ಉರ್ಶುಲಾ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ಬಿಸಿ ಜಾಸ್ತಿ ಮಾಡ್ದೆ ಅಂತ ಸುಮ್ನೆ ಹೇಳ್ಬಿಡೋ. ಮುದುಕಿಗೆ ಅಷ್ಟಕ್ಕೇ ಬೆಚ್ಚಗಾಗುತ್ತೆ."

ಮಲಗುವ ಮುಂಚೆ ಅಜ್ಜಿ ಕೇಳಿದಳು, "ಜಾಸ್ತಿ ಮಾಡಿದ್ಯೇನೋ?"

"ಇಲ್ಲಜ್ಜಿ."

ಅವಳು ಕೋಟು ಹಾಕಿಕೊಂಡೇ ಮಲಗಲು ಹೋದಳು. ಒಂದು ಸುಳ್ಳಿಗೆ ಚಳಿ ಬಿಡುತ್ತಿತ್ತೇನೋ. ನನ್ನ ಬಾಯಿಗೆ ಅದು ಬರಲಿಲ್ಲ. ತಡೆದದ್ದು ಸತ್ಯವೋ, ನಾನೇ ಗೆಲ್ಲಬೇಕೆಂಬ ಹಟವೋ ತಿಳಿಯುತ್ತಿಲ್ಲ. ಗೋಡೆಯಾಚೆ ಅವಳ ಮಂಚ ಕಿರುಗುಟ್ಟುತ್ತಲೇ ಇದೆ.

ಎದ್ದು ಹೋಗಿ ನಿಜವಾಗಿಯೇ ಹೆಚ್ಚಿಸಬಹುದು. ಆದರೆ ಬಿಲ್ಲು ಕಟ್ಟುವುದು ಅವಳ ಪಿಂಚಣಿಯಿಂದ. ಏರುತ್ತದೆಂದು ಹೇಳಿದರೆ "ಇಳಿಸೋ" ಅನ್ನುತ್ತಾಳೆ. ಹೇಳದೆ ಹೆಚ್ಚಿಸಿದರೆ ಅದೂ ಸುಳ್ಳೇ. ಆದರೂ ಈ ರಾತ್ರಿ ಮಟ್ಟಿಗೆ ಹೆಚ್ಚಿಸಿ, ಬೆಳಿಗ್ಗೆ ಅವಳಿಗೆ ಹೇಳಿಬಿಡುತ್ತೇನೆ.