ಎಡಗಡೆಯ ಹೆಚ್ಚಿನ ಪಟ್ಟಿ

ಅಪ್ಪಾ,

ಹಳೆ ಲಾರಿಯ ಸಾಮಾನಿನಿಂದ ನೀನು ಕಟ್ಟಿದ ಗುಡ್ಡದ ಜೀಪು, ನೀನು ತೀರಿಹೋದಾಗಿನಿಂದ ಬಲಕ್ಕೆ ವಾಲಿಕೊಂಡೇ ಓಡುತ್ತಿತ್ತು. ನಿನ್ನ ಭಾರ ತಡೆಯಲೆಂದು ಎಡಗಡೆ, ಡ್ರೈವರ್ ಸೀಟಿನ ಕೆಳಗಿನ ಸ್ಪ್ರಿಂಗಿಗೆ ಒಂದು ಉಕ್ಕಿನ ಪಟ್ಟಿ ಹೆಚ್ಚು ಸೇರಿಸಿದ್ದೆಯಲ್ಲ! ಇವತ್ತು ತಮ್ಮ ತೊಕ್ತೊಸುನ್ ಅದನ್ನು ಬಿಚ್ಚಿದ. ಜೀಪು ನೆಟ್ಟಗೆ ನಿಂತಿತು.

ಕುದುರೆಯ ಹುಳಿಹಾಲು ಕುಮಿಸ್ ತುಂಬಿದ ಚೀಲ ಹೊತ್ತು ಬಂದ ಅವ್ವ ಗದರಿದಳು: "ಇದ್ಯಾರ ಗಾಡಿನೋ? ವಾಪಸ್ ಹಾಕೋ ಅದನ್ನ!"

"ಮತ್ತೆ ವಾಲುತ್ತವ್ವಾ."

"ವಾಲಲ್ಲ. ನಂಗೆ ಓಡ್ಸೋದು ಕಲ್ಸು. ತಿಂದು ತಿಂದು ನಾನೇ ನಿಮ್ಮಪ್ಪನಷ್ಟು ದಪ್ಪ ಆಗ್ತೀನಿ."

ಪಟ್ಟಿ ವಾಪಸ್ ಹಾಕಿಸಿ ಹತ್ತಿದವಳು ಮೊದಲ ಸುತ್ತಿಗೇ ಹುಲ್ಲಿನ ಬಣವೆಗೆ ಗುದ್ದಿದಳು. ತಲೆವಸ್ತ್ರದ ತುಂಬ ಹುಲ್ಲು ಸಿಕ್ಕಿಸಿಕೊಂಡು ಇಳಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು: "ಇಷ್ಟು ಸುಲಭಾನಾ? ಅದಕ್ಕೇ ಆ ಮುದುಕ ಒಂದಿನಾನೂ ಸ್ಟೀರಿಂಗ್ ಮುಟ್ಟೋಕೆ ಬಿಡ್ಲಿಲ್ಲ!"

ಈಗ ಒಲೆಯ ಪಕ್ಕ ಕೂತು, ಕುರಿಬಾಲದ ಕೊಬ್ಬಿನಲ್ಲಿ ನಿನ್ನ ಪಾಲನ್ನೂ ತಿನ್ನುತ್ತಿದ್ದಾಳೆ.